ಮೇಕ್‌ಫೈಲನ್ನು ಯಾರು ಓದುತ್ತಾರೆ?



ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಮನೆಯ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 2003ರಲ್ಲಿ ಶುರುವಾದ ಈ ವಿಶ್ವಕೋಶದ ಲೇಖನಗಳ ಪಠ್ಯವನ್ನೆಲ್ಲ ಕುಗ್ಗಿಸಿ ಒಂದು ಕಡತವಾಗಿ ಕಟ್ಟಿ, ಬೇಕಾದವರು ಒಯ್ಯಲಿ ಎಂದು ವಿಕಿಮೀಡಿಯದವರು ಕಾಲಕಾಲಕ್ಕೆ ಹೊರಗಿಡುತ್ತಾರೆ. ಆ ಕಡತದ ಹೆಸರು 'ಬಿಝಡ್2' ಎಂದು ಮುಗಿಯುತ್ತದೆ. ಅದನ್ನು ಹಾಗೆಯೇ ತೆರೆದರೆ ಕನ್ನಡದ ಒಂದಕ್ಷರವೂ ಕಾಣುವುದಿಲ್ಲ. ಕಾಣುವುದು ಬರೀ ಗೊಂದಲದ ಚಿಹ್ನೆಗಳು.

ಆ ಗೊಂದಲದಲ್ಲೂ ಒಂದು ಶಿಸ್ತಿದೆ. ಮೊದಲ ಮೂರು ಬೈಟುಗಳು ಇಂಗ್ಲಿಷಿನ ಬಿ, ಝಡ್, ಎಚ್ ಅಕ್ಷರಗಳು. ನಾಲ್ಕನೆಯದು ಒಂದರಿಂದ ಒಂಬತ್ತರೊಳಗಿನ ಒಂದು ಅಂಕಿ. ಆಮೇಲಿನ ಆರು ಬೈಟುಗಳನ್ನು ಹದಿನಾರರ ಎಣಿಕೆಯಲ್ಲಿ ಬರೆದರೆ 31, 41, 59, 26, 53, 59 ಎಂದು ಬರುತ್ತದೆ. ಗಣಿತ ಓದಿದವರು ಇಷ್ಟು ಹೊತ್ತಿಗೆ ಗುರುತು ಹಿಡಿದಿರುತ್ತಾರೆ, ಇದು 'ಪೈ'. ವೃತ್ತದ ಸುತ್ತಳತೆಯನ್ನು ವ್ಯಾಸದಿಂದ ಭಾಗಿಸಿದರೆ ಸಿಗುವ ಆ ಮುಗಿಯದ ಸಂಖ್ಯೆಯ ಮೊದಲ ಹನ್ನೆರಡು ಅಂಕಿಗಳು, ಕೊನೆಯದನ್ನು ಹತ್ತಿರದ ಅಂಕಿಗೆ ಏರಿಸಿದ್ದು. ಕಡತದ ಕೊನೆಯ ಕಡೆಗೆ ಬಂದರೆ 17, 72, 45, 38, 50, 90 ಎಂಬ ಇನ್ನೊಂದು ಗುರುತು ಸಿಗುತ್ತದೆ. ಅದು ಪೈಯ ವರ್ಗಮೂಲ.

ಈ ಕಡತಗಳನ್ನು ಮಾಡುವ ಮತ್ತು ಬಿಚ್ಚುವ ತಂತ್ರಾಂಶದ ಹೆಸರು ಬಿ-ಜಿಪ್-2. ಬರೆದವರು ಜೂಲಿಯನ್ ಸ್ಯೂವರ್ಡ್, ಮೊದಲು ಹೊರಬಂದದ್ದು 1996ರಲ್ಲಿ. ಅದರ ಸೋರ್ಸ್ ಕೋಡ್, ಅಂದರೆ ಮನುಷ್ಯರು ಓದಬಹುದಾದ ಮೂಲ ಬರಹ, ಎಲ್ಲರಿಗೂ ತೆರೆದಿದೆ. ಇಂಥ ಮುಕ್ತ ತಂತ್ರಾಂಶವನ್ನು ಮೂಲದಿಂದ ನಾವೇ ಕಟ್ಟಿಕೊಳ್ಳುವುದು ಹೇಗೆ, ಅಪಾಯವಿಲ್ಲದೆ ಬಳಸುವುದು ಹೇಗೆ ಎಂಬುದು ಇಂದಿನ ಮಾತು. ಬಾನುಲಿಯಲ್ಲಿ ಆದೇಶಗಳನ್ನು ತೋರಿಸಲಾಗದು, ಹೇಳಬೇಕಷ್ಟೆ. ಆದರೆ ಹೇಳಬೇಕಾದ ಆದೇಶಗಳು ನಾಲ್ಕೈದಕ್ಕಿಂತ ಹೆಚ್ಚಿಲ್ಲ. ಉಳಿದದ್ದೆಲ್ಲ ಯಾರನ್ನು ನಂಬಬೇಕು, ಎಷ್ಟು ನಂಬಬೇಕು ಎಂಬ ಪ್ರಶ್ನೆಗೆ ಸೇರಿದ್ದು.

ಮೊದಲು, ಕುಗ್ಗುವುದು ಹೇಗೆ?

'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಐದು: ಕ, ನ, ಒತ್ತಿನ ಸಲುವಾಗಿ ಬರುವ ಅರ್ಧಚಿಹ್ನೆ, ಮತ್ತೊಂದು ನ, ಕೊನೆಗೆ ಡ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟು, ಒಟ್ಟು ಹದಿನೈದು. ಇಂಗ್ಲಿಷಿನವರು ಐದು ಅಕ್ಷರದ ಪದಕ್ಕೆ ಐದೇ ಬೈಟು ಖರ್ಚು ಮಾಡುತ್ತಾರೆ. ಹಾಗಾದರೆ ಕನ್ನಡ ದುಬಾರಿ ಭಾಷೆಯೆ? ಬೈಟುಗಳನ್ನು ಬಿಡಿಸಿ ನೋಡಿದರೆ ಮೊದಲನೆಯದು ಯಾವಾಗಲೂ 224. ಎರಡನೆಯದು 178, ಇಲ್ಲವೇ 179. ಯಾವ ಅಕ್ಷರ ಎಂಬ ಸುದ್ದಿಯೆಲ್ಲ ಇರುವುದು ಹೆಚ್ಚುಕಡಿಮೆ ಮೂರನೆಯ ಬೈಟಿನಲ್ಲಿ. ಹೇಳಿದ್ದನ್ನೇ ಹೇಳುವ ಇಂಥ ಬೈಟುಗಳು ಕುಗ್ಗಿಸುವ ತಂತ್ರಾಂಶಕ್ಕೆ ಹಬ್ಬ. ಕನ್ನಡ ಪಠ್ಯವನ್ನು ಕುಗ್ಗಿಸಿ ಇಟ್ಟರೆ ಆ ಮೂರು ಪಟ್ಟಿನ ದಂಡದಲ್ಲಿ ಬಹುಪಾಲು ವಾಪಸು ಬರುತ್ತದೆ.

ಮರುಕಳಿಸುವುದನ್ನು ಹಿಡಿಯಲು ಹಲವು ದಾರಿಗಳಿವೆ. ಹೆಚ್ಚು ಬಳಕೆಯಾಗುವ ಸಂಕೇತಕ್ಕೆ ಚಿಕ್ಕ ಗುರುತು, ಅಪರೂಪದ್ದಕ್ಕೆ ಉದ್ದ ಗುರುತು ಎಂಬ ಲೆಕ್ಕವನ್ನು ಅತ್ಯುತ್ತಮವಾಗಿ ಕಟ್ಟಿದವರು ಡೇವಿಡ್ ಹಫ್‌ಮನ್. ಎಂಐಟಿಯಲ್ಲಿ ಓದುವಾಗ, ಪರೀಕ್ಷೆಯ ಬದಲು ಬರೆಯಬಹುದಾಗಿದ್ದ ಪ್ರಬಂಧಕ್ಕಾಗಿ ಹುಡುಕಿದ ಉತ್ತರ ಅದು. 1952ರಲ್ಲಿ ಪ್ರಕಟವಾಯಿತು. ಇಸ್ರೇಲಿನ ಹೈಫಾದ ಟೆಕ್ನಿಯನ್ ಸಂಸ್ಥೆಯ ಜೇಕಬ್ ಝಿವ್ ಮತ್ತು ಅಬ್ರಹಾಂ ಲೆಂಪೆಲ್ 1977ರಲ್ಲಿ ಇನ್ನೊಂದು ದಾರಿ ತೋರಿಸಿದರು. ಒಮ್ಮೆ ಬಂದದ್ದು ಮತ್ತೆ ಬಂದರೆ ಪೂರಾ ಬರೆಯಬೇಡಿ, ಇಷ್ಟು ಹಿಂದೆ ಹೋಗಿ ಇಷ್ಟು ಉದ್ದ ನಕಲು ಮಾಡಿ ಎಂದು ಬರೆದರೆ ಸಾಕು ಎಂದರು. ಇವತ್ತಿನ ಜಿಪ್, ಜಿ-ಜಿಪ್, ಸೆವೆನ್-ಜಿಪ್ ಎಲ್ಲವೂ ಈ ಮನೆತನದವೇ.

ಬಿ-ಜಿಪ್-2 ಹಿಡಿದದ್ದು ಮೂರನೆಯ ದಾರಿ. ನನಗೆ ಇದು ಕಂಪ್ಯೂಟರ್ ಶಾಸ್ತ್ರದಲ್ಲೇ ಅತಿ ಚೆಂದದ ಕಲ್ಪನೆಗಳಲ್ಲಿ ಒಂದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕನ್ನಡದ ಒಂದು ದೊಡ್ಡ ಲೇಖನವಿದೆ ಎನ್ನಿ. ಅದನ್ನು ಒಂದೇ ಸಾಲಾಗಿ ಬರೆಯಿರಿ. ಅದರ ಮೊದಲ ಅಕ್ಷರವನ್ನು ಕಿತ್ತು ಕೊನೆಗೆ ಹಚ್ಚಿದರೆ ಎರಡನೆಯ ಸಾಲು. ಅದರ ಮೊದಲ ಅಕ್ಷರವನ್ನೂ ಕಿತ್ತು ಕೊನೆಗೆ ಹಚ್ಚಿದರೆ ಮೂರನೆಯ ಸಾಲು. ಹೀಗೆ ಎಷ್ಟು ಅಕ್ಷರವೋ ಅಷ್ಟು ಸಾಲು. ಈಗ ಈ ಸಾಲುಗಳನ್ನೆಲ್ಲ ಅಕಾರಾದಿಯಲ್ಲಿ ಜೋಡಿಸಿ. 'ನ್ನಡ' ಎಂದು ಶುರುವಾಗುವ ಸಾಲುಗಳು ಒಂದರ ಕೆಳಗೊಂದು ಬಂದು ಕೂರುತ್ತವೆ. ಆ ಸಾಲುಗಳ ಕೊನೆಯಲ್ಲಿ ಯಾವ ಅಕ್ಷರವಿದೆ? ಲೇಖನದಲ್ಲಿ 'ನ್ನಡ'ದ ಬೆನ್ನ ಹಿಂದೆ ಇದ್ದದ್ದು, ಬಹುತೇಕ 'ಕ'. ನಡುವೆ ಎಲ್ಲೋ 'ಮುನ್ನಡೆ'ಯ 'ಮು', 'ಹಿನ್ನಡೆ'ಯ 'ಹಿ' ನುಸುಳಬಹುದು. ಅಂದರೆ ಎಲ್ಲ ಸಾಲುಗಳ ಕೊನೆಯ ಅಕ್ಷರಗಳನ್ನು ಮೇಲಿನಿಂದ ಕೆಳಗೆ ಓದುತ್ತ ಹೋದರೆ ಕ, ಕ, ಕ, ಕ, ಮು, ಕ, ಕ ಎಂದು ಒಂದೇ ಜಾತಿಯವು ಗುಂಪುಗೂಡಿರುತ್ತವೆ. ಗುಂಪಾದದ್ದನ್ನು ಕುಗ್ಗಿಸುವುದು ಸಲೀಸು, ಆ ಕೆಲಸಕ್ಕೆ ಹಫ್‌ಮನ್ ಇದ್ದಾನೆ. ಇನ್ನೊಂದು ಬೆರಗೆಂದರೆ, ಆ ಕೊನೆಯ ಅಕ್ಷರಗಳ ಪಟ್ಟಿಯೊಂದು, ಮೂಲದ ಸಾಲು ಎಷ್ಟನೆಯದು ಎಂಬ ಸಂಖ್ಯೆಯೊಂದು, ಇವೆರಡಿದ್ದರೆ ಸಾಕು, ಇಡೀ ಲೇಖನವನ್ನು ಒಂದು ಕೊಂಬೂ ತಪ್ಪದಂತೆ ಮರಳಿ ಪಡೆಯಬಹುದು. ತಂತ್ರಾಂಶಕ್ಕೆ ಅಕ್ಷರ ಗೊತ್ತಿಲ್ಲ, ಅದು ಬೈಟುಗಳ ಮೇಲೆ ಈ ಆಟ ಆಡುತ್ತದೆ. ತತ್ತ್ವ ಒಂದೇ.

ಇದಕ್ಕೆ ಬರೋಸ್-ವ್ಹೀಲರ್ ರೂಪಾಂತರ ಎಂದು ಹೆಸರು. ಕೇಂಬ್ರಿಜ್‌ನ ಡೇವಿಡ್ ವ್ಹೀಲರ್‌ಗೆ 1983ರಲ್ಲೇ ಹೊಳೆದಿತ್ತು. ಮೈಕೆಲ್ ಬರೋಸ್ ಜೊತೆ ಸೇರಿ ಪ್ರಕಟಿಸಿದ್ದು 1994ರಲ್ಲಿ. ಹನ್ನೊಂದು ವರ್ಷ ಸುಮ್ಮನೆ ಇಟ್ಟುಕೊಂಡಿದ್ದರಲ್ಲ ಎಂದು ಆಶ್ಚರ್ಯವಾಗುತ್ತದೆ. ಪ್ರಕಟವಾಗಿ ಎರಡೇ ವರ್ಷಕ್ಕೆ ಸ್ಯೂವರ್ಡ್ ಅದನ್ನು ಯಾರು ಬೇಕಾದರೂ ಬಳಸಬಹುದಾದ ತಂತ್ರಾಂಶವಾಗಿಸಿದರು. ಅವರ ಮೊದಲ ಆವೃತ್ತಿ ಬರೀ 'ಬಿ-ಜಿಪ್'. ಅದರಲ್ಲಿ ಬಳಸಿದ್ದ ಒಂದು ಗಣಿತವಿಧಾನದ ಮೇಲೆ ಪೇಟೆಂಟುಗಳಿದ್ದವು, ಅದನ್ನು ತೆಗೆದು ಹಫ್‌ಮನ್ ವಿಧಾನ ಹಾಕಿದ್ದೇ ಬಿ-ಜಿಪ್-2. ಜಿ-ಜಿಪ್ ಹುಟ್ಟಿದ್ದೂ ಪೇಟೆಂಟಿನ ಕಾಟದಿಂದಲೇ. ಯುನಿಕ್ಸ್ ಯಂತ್ರಗಳಲ್ಲಿ ಮುಂಚೆ ಇದ್ದ ಕುಗ್ಗಿಸುವ ಸಲಕರಣೆಯ ವಿಧಾನ ಪೇಟೆಂಟಿಗೆ ಸಿಕ್ಕಿಕೊಂಡಿತ್ತು, ಅದಕ್ಕೆ ಬದಲಿಯಾಗಿ ಝಾನ್-ಲೂ ಗೈಯಿ ಮತ್ತು ಮಾರ್ಕ್ ಆಡ್ಲರ್ 1992ರಲ್ಲಿ ಜಿ-ಜಿಪ್ ಹೊರತಂದರು. ಈ ಕ್ಷೇತ್ರದಲ್ಲಿ ಮುಕ್ತ ತಂತ್ರಾಂಶ ಬೆಳೆದದ್ದು ಆದರ್ಶದಿಂದ ಎಷ್ಟೋ, ವಕೀಲರ ನೋಟಿಸಿನ ಭಯದಿಂದಲೂ ಅಷ್ಟೇ.

ಈಗ ಕಟ್ಟುವ ಕೆಲಸ.

ಬಿ-ಜಿಪ್-2ರ ಈಗಿನ ಆವೃತ್ತಿ 1.0.8. ಅದರ ಮೂಲ ಒಂದು ಗಂಟಿನ ರೂಪದಲ್ಲಿ ಸಿಗುತ್ತದೆ. ತಮಾಷೆಯೆಂದರೆ ಆ ಗಂಟನ್ನು ಕಟ್ಟಿರುವುದು ಜಿ-ಜಿಪ್‌ನಲ್ಲಿ. ಒಂದು ಸಂಕೋಚಕ, ಅಂದರೆ ಕುಗ್ಗಿಸುವ ತಂತ್ರಾಂಶ, ಪಡೆಯಲು ಇನ್ನೊಂದು ಸಂಕೋಚಕ ಮೊದಲೇ ಇರಬೇಕು! ಲಿನಕ್ಸ್ ಯಂತ್ರದಲ್ಲಿ 'ಟಾರ್' ಎಂಬ ಆದೇಶದಿಂದ ಬಿಚ್ಚಿದರೆ ಒಳಗೆ ಸಿ ಭಾಷೆಯ ಬೆರಳೆಣಿಕೆಯ ಕಡತಗಳು ಕಾಣುತ್ತವೆ. ಸಾಲುಗಳನ್ನು ಜೋಡಿಸುವುದಕ್ಕೊಂದು, ಹಫ್‌ಮನ್ ಲೆಕ್ಕಕ್ಕೊಂದು, ಕುಗ್ಗಿಸಲು ಒಂದು, ಹಿಗ್ಗಿಸಲು ಒಂದು, ತಪ್ಪು ಪತ್ತೆಯ ಕೋಷ್ಟಕಕ್ಕೊಂದು, ಹೀಗೆ. ಜೊತೆಗೆ 'ಮೇಕ್‌ಫೈಲ್' ಎಂಬ ಒಂದು ಚಿಕ್ಕ ಕಡತ. ಯಾವುದನ್ನು ಯಾವ ಕ್ರಮದಲ್ಲಿ ಕಂಪೈಲ್ ಮಾಡಬೇಕು, ಹೇಗೆ ಜೋಡಿಸಬೇಕು ಎಂದು ಅದರಲ್ಲಿ ಬರೆದಿರುತ್ತದೆ. ನೀವು ಮಾಡಬೇಕಾದದ್ದು ಆ ಕಡತಕೋಶದೊಳಗೆ ಹೋಗಿ 'ಮೇಕ್' ಎಂದು ಟೈಪಿಸುವುದು, ಅಷ್ಟೇ.

ಅದಕ್ಕೂ ಮುಂಚೆ ಆ ಮೇಕ್‌ಫೈಲನ್ನು ಒಮ್ಮೆ ತೆರೆದು ಓದಿ ಎಂದು ನಾನು ಒತ್ತಿ ಹೇಳುತ್ತೇನೆ. ಸಿ ಭಾಷೆ ಬಾರದವರಿಗೂ ಅದರ ಅಂದಾಜು ಸಿಗುತ್ತದೆ, ಕೂತು ಓದಿದರೆ ಒಂದು ಕಾಫಿಯ ಹೊತ್ತಿಗೆ ಮುಗಿಯುತ್ತದೆ. ಹೀಗೇಕೆ ಒತ್ತಾಯ ಎಂಬುದಕ್ಕೆ ಮುಂದೆ ಬರುತ್ತೇನೆ.

ಮೇಕ್ ಎಂದೊಡನೆ ಕಂಪೈಲರ್ ಒಂದೊಂದೇ ಕಡತವನ್ನು ಯಂತ್ರದ ಭಾಷೆಗೆ ತರುತ್ತದೆ. ಆಮೇಲೆ ತಂತ್ರಾಂಶ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಗಂಟಿನಲ್ಲೇ ಬಂದ ಮೂರು ಮಾದರಿ ಕಡತಗಳನ್ನು ಕುಗ್ಗಿಸಿ, ಇರಬೇಕಾದ ಉತ್ತರದೊಂದಿಗೆ ಬೈಟಿಗೆ ಬೈಟು ಹೋಲಿಸಿ, ಹಿಗ್ಗಿಸಿ, ಮತ್ತೆ ಹೋಲಿಸುತ್ತದೆ. ಎಲ್ಲ ಸರಿಯಿದ್ದರೆ ಅಳವಡಿಸುವ ಸರದಿ. ಇಡೀ ಯಂತ್ರಕ್ಕೆ ಅಳವಡಿಸಲು ಮೇಲ್ವಿಚಾರಕನ ಅಧಿಕಾರ ಬೇಕು. ಕಲಿಯಲೆಂದು ಕಟ್ಟುವವರು ಅದರ ಗೊಡವೆಗೆ ಹೋಗದೆ, 'ಮೇಕ್ ಇನ್‌ಸ್ಟಾಲ್' ಎಂಬುದರ ಜೊತೆ 'ಪ್ರಿಫಿಕ್ಸ್' ಎಂದು ತಮ್ಮದೇ ಕಡತಕೋಶದ ದಾರಿ ಕೊಟ್ಟರೆ ಸಾಕು. ಹಾಳಾದರೆ ಆ ಕೋಶವೊಂದನ್ನು ಅಳಿಸಿದರಾಯಿತು.

ನಿತ್ಯದ ಬಳಕೆಗೆ ಇಷ್ಟೆಲ್ಲ ಬೇಕೇ ಎಂದು ಕೇಳಿದರೆ, ಬೇಡ. ಡೆಬಿಯನ್, ಉಬುಂಟು, ಫೆಡೋರಾ ಮುಂತಾದ ಲಿನಕ್ಸ್ ವಿತರಣೆಗಳವರು ಕಟ್ಟಿಕೊಟ್ಟದ್ದನ್ನೇ ಬಳಸುವುದು ವಾಸಿ, ದೋಷ ಸಿಕ್ಕಾಗ ತಿದ್ದಿದ ಆವೃತ್ತಿ ತಾನಾಗಿ ಬರುತ್ತದೆ. ಕೈಯಾರೆ ಕಟ್ಟಿದ್ದಕ್ಕೆ ನೀವೇ ಜವಾಬ್ದಾರರು.

ಬಳಸುವಾಗ ಗೊತ್ತಿರಬೇಕಾದ ಒಂದೆರಡು ಸಂಗತಿ. ಬಿ-ಜಿಪ್-2 ಕಡತವನ್ನು ಒಂಬೈನೂರು ಸಾವಿರ ಬೈಟಿನವರೆಗಿನ ತುಂಡುಗಳಾಗಿ ಒಡೆದು ಒಂದೊಂದನ್ನೂ ಬೇರೆಬೇರೆಯಾಗಿ ಕುಗ್ಗಿಸುತ್ತದೆ. ನಾಲ್ಕನೆಯ ಬೈಟಿನಲ್ಲಿದ್ದ ಅಂಕಿ ಈ ತುಂಡಿನ ಗಾತ್ರವನ್ನು ಹೇಳುತ್ತದೆ. ಪ್ರತಿ ತುಂಡಿನ ತಲೆಯ ಮೇಲೂ ಪೈ ಇರುತ್ತದೆ, ಜೊತೆಗೆ ತಪ್ಪು ಪತ್ತೆಗೆ ಒಂದು ಮೊತ್ತ. ಹಳೆಯ ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಕಡತ ನಡುವೆ ಹಾಳಾಯಿತೆನ್ನಿ. ಬಿ-ಜಿಪ್-2ರ ಜೊತೆಗೇ ಬರುವ 'ರಿಕವರ್' ಎಂಬ ಸಲಕರಣೆ ಆ ಪೈ ಎಲ್ಲೆಲ್ಲಿದೆ ಎಂದು ಹುಡುಕಿ, ತುಂಡುಗಳನ್ನು ಬಿಡಿಸಿ ಬೇರೆಬೇರೆ ಕಡತಗಳಾಗಿ ಬರೆದುಕೊಡುತ್ತದೆ. ಹಾಳಾದ ತುಂಡು ಹೋಯಿತು, ಉಳಿದವು ಉಳಿದವು. ಪೈಯನ್ನು ಲೇಖಕ ಚಮತ್ಕಾರಕ್ಕೆ ಹಾಕಿದ್ದೆಂದು ತಿಳಿದವರು ಇಲ್ಲಿ ಅದರ ಕೆಲಸವನ್ನು ನೋಡಬಹುದು.

ಇನ್ನು, ಈ ಜೋಡಿಸುವ ಲೆಕ್ಕ ಕಂಪ್ಯೂಟರಿನ ಸ್ಮೃತಿಯನ್ನು ಚೆನ್ನಾಗಿ ದುಡಿಸುತ್ತದೆ. ಸ್ಮೃತಿಯ ಚಿಪ್ಪಿನಲ್ಲಿ ಸಣ್ಣ ದೋಷವಿದ್ದರೂ ಲೆಕ್ಕ ಎಡವುತ್ತದೆ. 1007 ಎಂಬ ಒಂದು ಒಳದೋಷ ಬಂದಾಗ, ನಿಮ್ಮ ಯಂತ್ರದ ಸ್ಮೃತಿಯೇ ಸರಿಯಿಲ್ಲದಿರಬಹುದು, ಪರೀಕ್ಷಿಸಿ ಎಂದು ತಂತ್ರಾಂಶವೇ ಸಲಹೆ ಕೊಡುತ್ತದೆ.

ಹಾಗೆಂದು ತಂತ್ರಾಂಶದಲ್ಲೇ ದೋಷ ಇರಲಿಲ್ಲವೆಂದಲ್ಲ. ಬೇಕೆಂತಲೇ ತಿರುಚಿದ ಕಡತವನ್ನು ಹಿಗ್ಗಿಸಲು ಕೊಟ್ಟರೆ ಒಂದು ಲೆಕ್ಕ ಮಿತಿಮೀರಿ ಉಕ್ಕುತ್ತದೆ ಎಂಬುದು 2010ರಲ್ಲಿ ಗೊತ್ತಾಗಿ, 1.0.6ರಲ್ಲಿ ಸರಿಯಾಯಿತು. ಆದರೆ ಈ ಕೋಡನ್ನು ನಕಲು ಮಾಡಿ ತಮ್ಮೊಳಗೆ ಇಟ್ಟುಕೊಂಡಿದ್ದ ಬೇರೆ ತಂತ್ರಾಂಶಗಳು ಹಲವಿದ್ದವು, ವೈರಸ್ ಹುಡುಕುವ ತಂತ್ರಾಂಶವೂ ಅವುಗಳಲ್ಲಿ ಒಂದು. ಒಂದೊಂದೂ ಬೇರೆಬೇರೆಯಾಗಿ ತಿದ್ದಿಕೊಳ್ಳಬೇಕಾಯಿತು. ಆಮೇಲೆ ಒಂಬತ್ತು ವರ್ಷ ಹೊಸ ಆವೃತ್ತಿಯೇ ಬರಲಿಲ್ಲ. 2019ರ ಜೂನ್‌ನಲ್ಲಿ ಹೊಸ ಕೈಗಳು 1.0.7 ತಂದು ಇನ್ನೊಂದು ದೋಷ ಮುಚ್ಚಿದವು. ಮುಚ್ಚಿದ್ದು ಎಷ್ಟು ಬಿಗಿಯಾಯಿತೆಂದರೆ, ಬೇರೊಂದು ಸಲಕರಣೆ ಮಾಡಿದ್ದ, ಅದುವರೆಗೆ ಸರಿಯಾಗಿ ತೆರೆಯುತ್ತಿದ್ದ ಕಡತಗಳನ್ನೂ ತಂತ್ರಾಂಶ ಒಲ್ಲೆ ಎಂದಿತು. ಮರುತಿಂಗಳೇ 1.0.8 ಬಂದು ಬಿಗಿ ಸಡಿಲಿಸಿತು. ಇದು ಪ್ರಾಮಾಣಿಕರ ನಡುವೆ ನಡೆಯುವ ತಿದ್ದುಪಡಿ. ಅಪ್ರಾಮಾಣಿಕನೊಬ್ಬ ಒಳಗೆ ಬಂದರೆ ಏನಾಗುತ್ತದೆ ಎಂಬುದನ್ನು ಜಗತ್ತು ಐದು ವರ್ಷಗಳ ಬಳಿಕ ಇನ್ನೊಂದು ಸಂಕೋಚಕದಲ್ಲಿ ನೋಡಿತು.

ಆ ತಂತ್ರಾಂಶ ಎಕ್ಸ್‌ಝಡ್. ರಷ್ಯದ ಇಗೋರ್ ಪಾವ್ಲೋವ್ ಸೆವೆನ್-ಜಿಪ್‌ಗಾಗಿ ರೂಪಿಸಿದ ವಿಧಾನವನ್ನು ಯುನಿಕ್ಸ್ ಲೋಕಕ್ಕೆ ತಂದು ನೋಡಿಕೊಳ್ಳುತ್ತಿದ್ದವರು ಫಿನ್ಲೆಂಡಿನ ಲಾಸ್ಸೆ ಕೊಲಿನ್. ಹೆಚ್ಚುಕಡಿಮೆ ಒಬ್ಬರೇ. ಸಂಬಳವಿಲ್ಲ, ಬಿಡುವಿನ ಹವ್ಯಾಸ. 2021ರಲ್ಲಿ ಜಿಯಾ ಟ್ಯಾನ್ ಎಂಬ ಹೆಸರಿನವನೊಬ್ಬ ಸಣ್ಣಪುಟ್ಟ ತಿದ್ದುಪಡಿ ಕಳಿಸುತ್ತ ಪರಿಚಯವಾದ. 2022ರಲ್ಲಿ, ಅದುವರೆಗೆ ಯಾರೂ ಕಂಡಿರದ ಒಂದೆರಡು ಹೆಸರುಗಳು ಕಾಣಿಸಿಕೊಂಡು, ಕೆಲಸ ನಿಧಾನವಾಯಿತು, ನಿಮ್ಮಿಂದಾಗದಿದ್ದರೆ ಇನ್ನೊಬ್ಬರಿಗೆ ಬಿಟ್ಟುಕೊಡಿ ಎಂದು ಕೊಲಿನ್‌ರನ್ನು ಪೀಡಿಸತೊಡಗಿದವು. ಅದರಲ್ಲೊಂದು ನಮ್ಮ ಭಾರತೀಯರ ಹೆಸರಿನಂತೆಯೇ ಇತ್ತು. ಅವೆಲ್ಲ ಮುಖವಾಡಗಳೆಂದೇ ಈಗ ಬಲ್ಲವರ ಅಭಿಪ್ರಾಯ. ತನ್ನ ಆರೋಗ್ಯ ಸರಿಯಿಲ್ಲವೆಂದೂ ಇದು ಕಾಸಿಲ್ಲದ ಹವ್ಯಾಸವೆಂದೂ ಕೊಲಿನ್ ಉತ್ತರಿಸಿದರು. ಕೊನೆಗೆ ಸಹಾಯಕ್ಕೆ ನಿಂತಂತೆ ಕಂಡ ಜಿಯಾ ಟ್ಯಾನ್‌ಗೆ ಅಧಿಕಾರ ಹಂಚಿಕೊಟ್ಟರು. ನಾವು ಯಾರಾದರೂ ಆ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆವು.

2024ರ ಫೆಬ್ರುವರಿ 24ರಂದು ಜಿಯಾ ಟ್ಯಾನ್ 5.6.0 ಆವೃತ್ತಿಯನ್ನೂ ಮಾರ್ಚ್ 9ರಂದು 5.6.1ನ್ನೂ ಬಿಡುಗಡೆ ಮಾಡಿದ. ಎರಡರೊಳಗೂ ಹಿಂಬಾಗಿಲು, ಅಂದರೆ ಗುಟ್ಟಾಗಿ ಒಳನುಸುಳುವ ದಾರಿ, ಇತ್ತು. ಎಲ್ಲಿ ಬಚ್ಚಿಟ್ಟಿದ್ದ? ಇಲ್ಲೇ ಅವನ ಜಾಣತನ. ಬೇರೆ ಯಾವ ತಂತ್ರಾಂಶದ ಮೂಲದಲ್ಲಾದರೂ ಅರ್ಥವಾಗದ ಬೈಟುಗಳ ರಾಶಿ ಕಂಡರೆ ಇದೇನು ಎಂದು ಯಾರಾದರೂ ಕೇಳುತ್ತಾರೆ. ಸಂಕೋಚಕದಲ್ಲಿ ಕೇಳುವುದಿಲ್ಲ. ಹಾಳಾದ ಕಡತ ಕೊಟ್ಟರೆ ತಂತ್ರಾಂಶ ಸರಿಯಾಗಿ ನಿರಾಕರಿಸುತ್ತದೆಯೇ ಎಂದು ಪರೀಕ್ಷಿಸಲು ಬೇಕೆಂತಲೇ ಕೆಡಿಸಿದ ಕಡತಗಳನ್ನು ಇಟ್ಟಿರಲೇಬೇಕಲ್ಲ! ಅಂಥ 'ಕೆಟ್ಟ' ಪರೀಕ್ಷಾ ಕಡತವೊಂದರಲ್ಲಿ ಬಿಚ್ಚುವ ಸೂಚನೆ, ಇನ್ನೊಂದು 'ಒಳ್ಳೆಯ' ಪರೀಕ್ಷಾ ಕಡತದಲ್ಲಿ ಯಂತ್ರಭಾಷೆಯ ವಿಷ. ಎಲ್ಲರ ಕಣ್ಣೆದುರೇ ಇತ್ತು, ಯಾರಿಗೂ ಕಾಣಲಿಲ್ಲ.

ಆದರೆ ಆ ಕಡತಗಳು ತಾವಾಗಿ ಏನೂ ಮಾಡವು. ಅವನ್ನು ಬಿಚ್ಚಿ ತಂತ್ರಾಂಶಕ್ಕೆ ಬೆಸೆಯುವ ಕೈ ಬೇಕು. ಆ ಕೈ ಇದ್ದದ್ದು ಕಟ್ಟುವ ಕ್ರಮದಲ್ಲಿ. ಎಕ್ಸ್‌ಝಡ್ ಬಿ-ಜಿಪ್-2ರ ಹಾಗಲ್ಲ. ಅದನ್ನು ಕಟ್ಟುವಾಗ ಮೊದಲು 'ಕಾನ್ಫಿಗರ್' ಎಂಬ, ಬೇರೆ ಸಲಕರಣೆಗಳು ಹುಟ್ಟಿಸಿದ ಸಾವಿರಾರು ಸಾಲಿನ ಸ್ಕ್ರಿಪ್ಟೊಂದು ಓಡಬೇಕು. ನಿಮ್ಮ ಯಂತ್ರ ಯಾವುದು, ಏನೇನಿದೆ ಎಂದೆಲ್ಲ ಅದು ವಿಚಾರಿಸುತ್ತದೆ. ಆ ಸ್ಕ್ರಿಪ್ಟನ್ನು ಹುಟ್ಟಿಸುವ ಕಡತಗಳಲ್ಲಿ ಒಂದನ್ನು ಜಿಯಾ ಟ್ಯಾನ್ ತಿದ್ದಿದ್ದ. ಅದೂ ಎಲ್ಲರೂ ನೋಡುವ ಸಾರ್ವಜನಿಕ ಭಂಡಾರದಲ್ಲಿ ಅಲ್ಲ, ಬಿಡುಗಡೆಯ ಗಂಟಿನಲ್ಲಿ ಮಾತ್ರ. ಅಂಗಡಿಯ ಮುಂದೆ ಗಾಜಿನ ಜಾಡಿಯಲ್ಲಿ ಕಾಣುವ ಬೇಳೆ ಒಂದು, ಒಳಗಿನಿಂದ ಕಟ್ಟಿ ತಂದುಕೊಟ್ಟ ಪೊಟ್ಟಣದ ಬೇಳೆ ಇನ್ನೊಂದು. ವಿತರಣೆಗಳವರು ತೆಗೆದುಕೊಳ್ಳುತ್ತಿದ್ದದ್ದು ಪೊಟ್ಟಣವನ್ನು. ಮೇಲಾಗಿ, ಡೆಬಿಯನ್ ಅಥವಾ ಫೆಡೋರಾ ಬಗೆಯ ಪ್ಯಾಕೇಜು ಕಟ್ಟುತ್ತಿದ್ದರೆ ಮಾತ್ರ, ಅದೂ 64 ಬಿಟ್‌ನ ಇಂಟೆಲ್ ಬಗೆಯ ಲಿನಕ್ಸ್ ಯಂತ್ರಕ್ಕಾದರೆ ಮಾತ್ರ ವಿಷ ಬೆರೆಯುತ್ತಿತ್ತು. ಕುತೂಹಲಕ್ಕೆ ಮನೆಯಲ್ಲಿ ಕಟ್ಟಿ ನೋಡಿದವನ ಕೈಗೆ ಅದು ಸಿಗುತ್ತಲೇ ಇರಲಿಲ್ಲ.

ಗುರಿಯಿದ್ದದ್ದು ಸಂಕೋಚಕದ ಮೇಲಲ್ಲ. ದೂರದಿಂದ ಸರ್ವರುಗಳಿಗೆ ಲಾಗಿನ್ ಆಗಲು ಜಗತ್ತೆಲ್ಲ ಬಳಸುವ ಓಪನ್ ಎಸ್‌ಎಸ್‌ಎಚ್ ಮೇಲೆ. ಎಸ್‌ಎಸ್‌ಎಚ್‌ಗೂ ಎಕ್ಸ್‌ಝಡ್‌ಗೂ ಎತ್ತಣ ಸಂಬಂಧ? ನೇರ ಸಂಬಂಧವಿಲ್ಲ. ಕೆಲವು ವಿತರಣೆಗಳವರು ಎಸ್‌ಎಸ್‌ಎಚ್‌ಗೆ ಸಿಸ್ಟಮ್‌ಡಿ ಎಂಬ ವ್ಯವಸ್ಥೆಯ ಗ್ರಂಥಾಲಯವನ್ನು, ಅಂದರೆ ಸಿದ್ಧ ಕೋಡಿನ ಕಟ್ಟನ್ನು, ಜೋಡಿಸಿದ್ದರು, ಆ ಗ್ರಂಥಾಲಯ ತನ್ನ ಜೊತೆಗೆ ಎಕ್ಸ್‌ಝಡ್‌ನ ಗ್ರಂಥಾಲಯವನ್ನೂ ಎಳೆದು ತರುತ್ತಿತ್ತು. ಹೀಗೆ ಒಳಗೆ ಬಂದ ಕೋಡ್, ಲಾಗಿನ್ ಹೊತ್ತಿನಲ್ಲಿ ಕೀಲಿ ಪರಿಶೀಲಿಸುವ ಒಂದು ಕಾರ್ಯವನ್ನು ತನ್ನ ಹತೋಟಿಗೆ ತೆಗೆದುಕೊಂಡು, ತನ್ನ ಒಡೆಯನ ಗುಪ್ತಕೀಲಿ ಬಂದರೆ ಅವನು ಹೇಳಿದ ಆದೇಶವನ್ನು ನಡೆಸಿಬಿಡುತ್ತಿತ್ತು. ಬೇರೆಯವರಿಗೆ ಏನೂ ಕಾಣದು.

ಇದನ್ನು ಹಿಡಿದವರು ಭದ್ರತೆಯ ತಜ್ಞರಲ್ಲ. ಮೈಕ್ರೋಸಾಫ್ಟ್‌ನಲ್ಲಿದ್ದುಕೊಂಡು ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯದ ಕೆಲಸ ಮಾಡುತ್ತಿದ್ದ ಆಂಡ್ರೆಸ್ ಫ್ರಾಯಿಂಡ್. ಅವರು ತಮ್ಮ ಡೆಬಿಯನ್ ಯಂತ್ರದಲ್ಲಿ ವೇಗದ ಅಳತೆ ಮಾಡುತ್ತಿದ್ದಾಗ, ತಪ್ಪು ಹೆಸರಿನಿಂದ ಬಂದು ಸೋಲುವ ಲಾಗಿನ್‌ಗಳೂ ಪ್ರೊಸೆಸರನ್ನು ವಿಪರೀತ ದುಡಿಸುತ್ತಿರುವುದು ಕಂಡಿತು. ಅಳೆದರು. ಮುಂಚೆ 0.299 ಸೆಕೆಂಡು ಹಿಡಿಯುತ್ತಿದ್ದದ್ದು ಈಗ 0.807. ಕೆಲವು ವಾರಗಳ ಹಿಂದೆ ಪೋಸ್ಟ್‌ಗ್ರೆಸ್‌ನ ಪರೀಕ್ಷೆಗಳಲ್ಲಿ ವಾಲ್‌ಗ್ರಿಂಡ್ ಎಂಬ ಸಲಕರಣೆ ಏನೋ ವಿಚಿತ್ರ ದೂರು ಹೇಳಿದ್ದು ನೆನಪಾಯಿತು. ಎರಡನ್ನೂ ಜೋಡಿಸಿದರು, ಅಗೆದರು. 2024ರ ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ತೀವ್ರತೆಯ ಮಾಪನದಲ್ಲಿ ಇದಕ್ಕೆ ಹತ್ತಕ್ಕೆ ಹತ್ತು ಸಿಕ್ಕಿತು.

ವಾಲ್‌ಗ್ರಿಂಡ್ ಎಂಬುದು ತಂತ್ರಾಂಶ ಓಡುವಾಗ ಸ್ಮೃತಿಯನ್ನು ತಪ್ಪಾಗಿ ಮುಟ್ಟುತ್ತಿದೆಯೇ ಎಂದು ಕಾದು ನೋಡುವ ಸಲಕರಣೆ. ಅದನ್ನು ಬರೆದವರು ಯಾರು ಗೊತ್ತೆ? ಅದೇ ಜೂಲಿಯನ್ ಸ್ಯೂವರ್ಡ್, ಬಿ-ಜಿಪ್-2ರ ಕರ್ತೃ. ಜಿಯಾ ಟ್ಯಾನ್ ಕೂಡ ಈ ದೂರುಗಳಿಗೆ ಬೆದರಿದ್ದ, ಅವನ್ನು ಅಡಗಿಸಲೆಂದೇ 5.6.1ರಲ್ಲಿ ಕಸರತ್ತು ಮಾಡಿದ್ದ. ಒಬ್ಬ ಸಂಕೋಚಕಕಾರನ ಕೆಲಸ ಇನ್ನೊಂದು ಸಂಕೋಚಕದ ಕಳ್ಳನನ್ನು ಹಿಡಿಯಲು ಸುಳಿವಾಯಿತು.

ಅಷ್ಟರಲ್ಲಿ ಅದು ಡೆಬಿಯನ್‌ನ ಪರೀಕ್ಷಾ ಆವೃತ್ತಿ, ಫೆಡೋರಾದ ಮುಂಬರುವ ಆವೃತ್ತಿ, ಓಪನ್‌ಸೂಸೆ ಟಂಬಲ್‌ವೀಡ್ ಮುಂತಾದವುಗಳಿಗೆ ಹೊಕ್ಕಿತ್ತು. ಆಫೀಸು, ಬ್ಯಾಂಕುಗಳ ಸರ್ವರುಗಳಲ್ಲಿ ಓಡುವ ಸ್ಥಿರ ಆವೃತ್ತಿಗಳನ್ನು ಇನ್ನೂ ತಲುಪಿರಲಿಲ್ಲ. ಉಬುಂಟು ತನ್ನ 24.04ರ ಬೀಟಾವನ್ನು ಒಂದು ವಾರ ಮುಂದೂಡಿ ಪ್ಯಾಕೇಜುಗಳನ್ನೆಲ್ಲ ಹೊಸದಾಗಿ ಕಟ್ಟಿತು. ಕೊಲಿನ್ ಮರಳಿ ಬಂದು, ಸಾಲುಸಾಲು ಪರಿಶೀಲಿಸಿ, ಮೇ 29ರಂದು ಸ್ವಚ್ಛವಾದ 5.6.2 ಬಿಡುಗಡೆ ಮಾಡಿದರು. ಪರಿಶೀಲನೆಯಲ್ಲಿ ಅವರಿಗೆ ಸಿಕ್ಕ ಇನ್ನೊಂದು ವಸ್ತು: ಕಟ್ಟುವ ಕ್ರಮದ ಬೇರೊಂದು ಕಡತದಲ್ಲಿ ಒಂದೇ ಒಂದು ಚುಕ್ಕಿ. ತಂತ್ರಾಂಶವನ್ನು ಬೇಲಿಯೊಳಗೆ ಇಡುವ ಭದ್ರತೆ ಯಂತ್ರದಲ್ಲಿದೆಯೇ ಎಂದು ಕೇಳುವ ಪರೀಕ್ಷೆ ಆ ಚುಕ್ಕಿಯಿಂದಾಗಿ ಯಾವಾಗಲೂ ಸೋಲುತ್ತಿತ್ತು. ಭದ್ರತೆ ಸದ್ದಿಲ್ಲದೆ ಬಿಟ್ಟುಹೋಗುತ್ತಿತ್ತು.

ಮೇಕ್‌ಫೈಲನ್ನು ಓದಿ ಎಂದು ನಾನು ಒತ್ತಾಯಿಸಿದ್ದು ಇದಕ್ಕೇ. ಸೋರ್ಸ್ ಕೋಡ್ ತೆರೆದಿದೆ ಎಂದು ನಾವು ಹೆಮ್ಮೆಪಡುತ್ತೇವೆ, ಕೋಡನ್ನು ಓದುವವರೂ ಅಷ್ಟಿಷ್ಟು ಇದ್ದಾರೆ. ಕಟ್ಟುವ ಕ್ರಮವೂ ಒಂದು ತಂತ್ರಾಂಶವೇ, ಅದೂ ನಮ್ಮ ಯಂತ್ರದಲ್ಲಿ ನಮ್ಮ ಅಧಿಕಾರದಿಂದ ಓಡುತ್ತದೆ ಎಂಬುದನ್ನು ಮರೆಯುತ್ತೇವೆ. ಅದನ್ನು ಓದುವವರು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ನನ್ನ ಅಭಿಪ್ರಾಯದಲ್ಲಿ, ಎಷ್ಟು ಚೆನ್ನಾಗಿ ಕುಗ್ಗಿಸುತ್ತದೆ ಎಂಬುದರಷ್ಟೇ ಮುಖ್ಯವಾದ ಗುಣ, ಅದನ್ನು ಕಟ್ಟುವ ಕ್ರಮ ಒಬ್ಬ ಮನುಷ್ಯ ಓದಿ ಮುಗಿಸುವಷ್ಟು ಚಿಕ್ಕದಾಗಿದೆಯೇ ಎಂಬುದು. ಆ ಲೆಕ್ಕದಲ್ಲಿ ಹಳೆಯ ಬಿ-ಜಿಪ್-2 ಇಂದಿಗೂ ಮೇಲು, ವೇಗದಲ್ಲಿ ಹಿಂದೆ ಬಿದ್ದಿದ್ದರೂ.

ಹಾಗಾದರೆ ಡಿಜಿಟಲ್ ಸಹಿ? ಇಳಿಸಿಕೊಂಡ ಗಂಟಿನ ಮೊತ್ತ ತಾಳೆ ನೋಡಿ, ಸಹಿ ಪರಿಶೀಲಿಸಿ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ನೋಡಬೇಕು. ಆದರೆ ಅದರಿಂದ ಏನು ಸಿಗುತ್ತದೆ ಎಂಬುದು ತಿಳಿದಿರಲಿ. ಗಂಟು ಇಟ್ಟ ಜಾಗದಲ್ಲೇ ಇಟ್ಟ ಮೊತ್ತ, ದಾರಿಯಲ್ಲಿ ಕಡತ ಹಾಳಾಗಲಿಲ್ಲ ಎಂದಷ್ಟೇ ಹೇಳುತ್ತದೆ. ಸಹಿ, ಇಂಥವರು ಕಳಿಸಿದ್ದು ಎನ್ನುತ್ತದೆ. ವಿಷ ಬೆರೆತ 5.6.1ರ ಸಹಿ ನೂರಕ್ಕೆ ನೂರು ಸರಿಯಿತ್ತು, ಸಹಿ ಹಾಕಿದವನೇ ಜಿಯಾ ಟ್ಯಾನ್. ಬದಲಿಗೆ, ಸಾರ್ವಜನಿಕ ಭಂಡಾರದಲ್ಲಿರುವ ಕೋಡಿಗೂ ಗಂಟಿನಲ್ಲಿರುವ ಕೋಡಿಗೂ ವ್ಯತ್ಯಾಸ ತೋರಿಸುವ 'ಡಿಫ್' ಹಾಕಿ ನೋಡಿದ್ದರೆ ಆ ತಿದ್ದಿದ ಕಡತ ಕಾಣುತ್ತಿತ್ತು. ಕಟ್ಟುವವರು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ಇದು. ಕಾನ್ಫಿಗರ್ ಸ್ಕ್ರಿಪ್ಟನ್ನು ಗಂಟಿನಿಂದ ತೆಗೆದುಕೊಳ್ಳದೆ ನಿಮ್ಮ ಯಂತ್ರದಲ್ಲೇ, ಭಂಡಾರದ ಮೂಲದಿಂದ ಹುಟ್ಟಿಸಿಕೊಳ್ಳುವುದು ಇನ್ನೊಂದು.

ಕಟ್ಟುವ ತಲೆಬಿಸಿಯೇ ಬೇಡ, ಬಂದ ಜಿಪ್ ಕಡತ ಬಿಚ್ಚಿದರೆ ಸಾಕು ಎನ್ನುವವರಿಗೆ ನಾಲ್ಕು ಮಾತು. ವಿಂಡೋಸ್‌ನಲ್ಲಿ ಸೆವೆನ್-ಜಿಪ್ ಬಳಸುವವರು ಬಹಳ. ಅದು ತನ್ನನ್ನು ತಾನೇ ನವೀಕರಿಸಿಕೊಳ್ಳುವುದಿಲ್ಲ, ವರ್ಷಗಟ್ಟಲೆ ಹಳೆಯದೇ ಓಡುತ್ತಿರುತ್ತದೆ. ಅಂತರ್ಜಾಲದಿಂದ ಬಂದ ಕಡತಕ್ಕೆ ವಿಂಡೋಸ್ ಅಂಟಿಸುವ ಎಚ್ಚರಿಕೆಯ ಗುರುತು, ಗಂಟಿನೊಳಗೆ ಗಂಟಿಟ್ಟು ಕಳಿಸಿದರೆ ಒಳಗಿನ ಕಡತಕ್ಕೆ ತಲುಪುತ್ತಿರಲಿಲ್ಲ ಎಂಬ ದೋಷ ಅದರಲ್ಲಿತ್ತು. 2024ರ ನವೆಂಬರಿನ 24.09 ಆವೃತ್ತಿಯಲ್ಲಿ ಸರಿಯಾಯಿತು. ಅದಕ್ಕಿಂತ ಹಿಂದಿನದು ನಿಮ್ಮಲ್ಲಿದ್ದರೆ ಇವತ್ತೇ ಬದಲಿಸಿ, ಅಧಿಕೃತ ತಾಣದಿಂದಲೇ.

ಗುರುತಿಲ್ಲದವರು ಕಳಿಸಿದ ಗಂಟನ್ನು ಬಿಚ್ಚುವ ಮೊದಲು ಒಳಗಿನ ಪಟ್ಟಿ ನೋಡುವ ಅಭ್ಯಾಸ ಒಳ್ಳೆಯದು. ಟಾರ್‌ನಲ್ಲಿ ಅದಕ್ಕೆ 'ಟಿ' ಎಂಬ ಆಯ್ಕೆಯಿದೆ. ಹೆಸರುಗಳ ನಡುವೆ ಎರಡು ಚುಕ್ಕಿ, ಓರೆಗೆರೆ ಹೀಗೆ ಮೇಲಿನ ಕೋಶಕ್ಕೆ ಹತ್ತುವ ದಾರಿಗಳಿದ್ದರೆ ಅನುಮಾನ ಪಡಿ, ನಿಮ್ಮ ಬೇರೆ ಕಡತಗಳ ಮೇಲೆ ಬರೆಯುವ ಹುನ್ನಾರ ಅದು. ಗಾತ್ರವನ್ನೂ ನೋಡಿ. ಕುಗ್ಗಿಸುವ ವಿದ್ಯೆಯನ್ನು ತಿರುಗಿಸಿ ಬಳಸಿದವರು ಇದ್ದಾರೆ. ಬರೀ 42 ಕಿಲೋಬೈಟಿನ ಒಂದು ಹಳೆಯ ಜಿಪ್ ಕಡತವಿದೆ, ಪದರಪದರವಾಗಿ ಪೂರ್ತಿ ಬಿಚ್ಚಿದರೆ ನಾಲ್ಕೂವರೆ ಪೆಟಾಬೈಟು, ಅಂದರೆ 45 ಲಕ್ಷ ಗಿಗಾಬೈಟು ಆಗುತ್ತದೆ. 2019ರಲ್ಲಿ ಡೇವಿಡ್ ಫೈಫೀಲ್ಡ್ ಪದರಗಳೇ ಇಲ್ಲದೆ, ಹತ್ತು ಮೆಗಾಬೈಟು ಒಂದೇ ಏಟಿಗೆ 281 ಟೆರಾಬೈಟಾಗುವಂಥದ್ದನ್ನು ಮಾಡಿ ತೋರಿಸಿದರು. ಜನರಿಂದ ಕಡತ ಪಡೆದು ತಾನಾಗಿ ಬಿಚ್ಚುವ ಜಾಲತಾಣ ನಡೆಸುವವರು ಎಷ್ಟು ಹಿಗ್ಗಬಹುದು ಎಂಬುದಕ್ಕೆ ಮಿತಿ ಹಾಕಲೇಬೇಕು.

ಕೊನೆಯದು, ಯಾವ ಕಳ್ಳನೂ ಇಲ್ಲದೆ ನಾವೇ ಮಾಡಿಕೊಳ್ಳುವ ನಷ್ಟ. ಜಿ-ಜಿಪ್, ಬಿ-ಜಿಪ್-2, ಎಕ್ಸ್‌ಝಡ್ ಮೂರೂ ಕುಗ್ಗಿಸಿ ಮುಗಿದೊಡನೆ ಮೂಲ ಕಡತವನ್ನು ಅಳಿಸಿಬಿಡುತ್ತವೆ. ಹೊಸಬರು ಇದಕ್ಕೆ ಗಾಬರಿಯಾಗುತ್ತಾರೆ. ಅಡ್ಡಗೆರೆ 'ಕೆ' ಎಂಬ ಆಯ್ಕೆ ಕೊಟ್ಟರೆ ಮೂಲ ಉಳಿಯುತ್ತದೆ. ಮನೆಯ ಫೋಟೋಗಳ ಗಂಟೋ, ಸಂಘದ ಹಳೆಯ ಲೆಕ್ಕವೋ, ಕುಗ್ಗಿಸುವಾಗ 'ಕೆ' ಹಾಕಿ. ಆಮೇಲೆ ಅಡ್ಡಗೆರೆ 'ಟಿ' ಹಾಕಿ ಕುಗ್ಗಿದ ಕಡತ ಸರಿಯಿದೆಯೇ ಎಂದು ಪರೀಕ್ಷಿಸಿ. ಎಲ್ಲ ಸರಿಯಿದ್ದರೆ ಅದು ಏನೂ ಹೇಳದೆ ಸುಮ್ಮನಿರುತ್ತದೆ. ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಅಲ್ಲಿಯೂ ಒಮ್ಮೆ 'ಟಿ' ಹಾಕಿ ನೋಡಿ. ಮೂಲವನ್ನು ಅಳಿಸುವುದು ಅದಾದ ಮೇಲೆ.